ಪ್ರಾಕ್ಸಿಗೆ ಹೆಸರು ತಿಳಿಯುವುದು ಯಾವಾಗ?

ಎಂಜಿನ್‌ಎಕ್ಸ್ ಪ್ರಾಕ್ಸಿಯೊಂದರ ಸಂರಚನಾ ಕಡತವನ್ನು ತೆರೆದರೆ ಒಂದರ ಕೆಳಗೊಂದು ‘ಸರ್ವರ್’ ಬ್ಲಾಕ್‌ಗಳು ಕಾಣುತ್ತವೆ. ಪ್ರತಿಯೊಂದಕ್ಕೂ ಒಂದು ಡೊಮೇನ್ ಹೆಸರು, ಅದರದೇ ಸರ್ಟಿಫಿಕೇಟು, ಅದರದೇ ಟಿಎಲ್‌ಎಸ್ ಆವೃತ್ತಿಗಳ ಸಾಲು. ಮೊದಲನೆಯದು ಗ್ರಾಹಕರು ನೋಡುವ ತಾಣ ಎಂದುಕೊಳ್ಳಿ. ಅಲ್ಲಿ ಟಿಎಲ್‌ಎಸ್ 1.2 ಮತ್ತು 1.3 ಮಾತ್ರ. ಎರಡನೆಯದು ಅಂಗಡಿಗಳಲ್ಲಿ ಇನ್ನೂ ಜೀವ ಹಿಡಿದಿರುವ ಹಳೆಯ ಬಿಲ್ಲಿಂಗ್ ಯಂತ್ರಗಳಿಗಾಗಿ, ಅಲ್ಲಿ 1.0 ಕೂಡ ಇರಲಿ ಎಂದು ಬರೆದಿದೆ. ಕಡತ ಸರಿಯಿದೆಯೇ ಎಂದು ಕೇಳಿದರೆ ಎಂಜಿನ್‌ಎಕ್ಸ್ ತಕರಾರಿಲ್ಲದೆ ಓಕೆ ಎನ್ನುತ್ತದೆ, ರೀಲೋಡೂ ಆಗುತ್ತದೆ. ಆದರೆ ಹಳೆಯ ಯಂತ್ರಗಳು ಒಳಗೆ ಬರಲಾರವು. ಬ್ಲಾಕ್‌ಗಳ ಕ್ರಮವನ್ನು ಅದಲುಬದಲು ಮಾಡಿದರೆ ಅವೇನೋ ಬರುತ್ತವೆ, ಆದರೆ ಆಗ ಗ್ರಾಹಕರ ತಾಣವೂ ಸದ್ದಿಲ್ಲದೆ 1.0ಕ್ಕೆ ಬಾಗಿಲು ತೆರೆದಿರುತ್ತದೆ. ಮೊದಲ ತಪ್ಪಿಗೆ ಫೋನ್ ಕರೆ ಬರುತ್ತದೆ. ಎರಡನೆಯದಕ್ಕೆ ಯಾರೂ ಕರೆ ಮಾಡುವುದಿಲ್ಲ, ಹಾಗಾಗಿ ಅದೇ ಹೆಚ್ಚು ಅಪಾಯದ್ದು.

ಇದನ್ನು ಒಂದು ಸಾಫ್ಟ್‌ವೇರಿನ ಕುಂದು ಎಂದು ಬದಿಗಿಡುವಂತಿಲ್ಲ. ಡೊಮೇನಿಗೊಂದರಂತೆ ಭದ್ರತೆ ಹೊಂದಿಸುವ ಇಡೀ ಪದ್ಧತಿಯ ತಳದಲ್ಲೇ ಈ ಗೊಂದಲವಿದೆ. ರಿವರ್ಸ್ ಪ್ರಾಕ್ಸಿ ಎಂಬುದು ಒಂದೇ ಹೆಬ್ಬಾಗಿಲಿನ ವಠಾರ: ಮನೆಗಳು ಬೇರೆ, ಬೀಗಗಳು ಬೇರೆ, ಆದರೆ ಬೀದಿಯಿಂದ ಬಂದವರೆಲ್ಲ ಮೊದಲು ದಾಟುವುದು ಅದೇ ಬಾಗಿಲನ್ನು. ಸಂರಚನಾ ಕಡತ ಮನೆಗಳ ಲೆಕ್ಕದಲ್ಲಿ ಬರೆಯಲ್ಪಟ್ಟಿದೆ. ಸಂಪರ್ಕ ಮಾತ್ರ ಬಾಗಿಲಿನ ಲೆಕ್ಕದಲ್ಲಿ, ಅಂದರೆ ಐಪಿ ವಿಳಾಸ ಮತ್ತು ಪೋರ್ಟ್‌ನ ಲೆಕ್ಕದಲ್ಲಿ ನಡೆಯುತ್ತದೆ. ಯಾವ ಸೆಟ್ಟಿಂಗ್ ನಿಜಕ್ಕೂ ಡೊಮೇನಿನದು, ಯಾವುದು ಬಾಗಿಲಿನದು ಎಂಬುದನ್ನು ಕಡತ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೆ ಹ್ಯಾಂಡ್‌ಶೇಕ್ ನೋಡಬೇಕು.

ಟಿಸಿಪಿ ಸಂಪರ್ಕ ಕೂಡಿಕೊಂಡಾಗ ಪ್ರಾಕ್ಸಿಗೆ ಗೊತ್ತಿರುವುದು ಯಾರೋ 443ನೇ ಪೋರ್ಟಿಗೆ ಬಂದಿದ್ದಾರೆ ಎಂಬುದಷ್ಟೇ. ಆಮೇಲೆ ಬ್ರೌಸರ್ ‘ಕ್ಲೈಂಟ್ ಹಲೋ’ ಎಂಬ ಮೊದಲ ಸಂದೇಶ ಕಳಿಸುತ್ತದೆ. ತನಗೆ ಬರುವ ಟಿಎಲ್‌ಎಸ್ ಆವೃತ್ತಿಗಳು, ಗೂಢಲಿಪಿ ವಿಧಾನಗಳು, ಕೊನೆಗೆ ಒಂದಷ್ಟು ವಿಸ್ತರಣೆಗಳು ಅದರಲ್ಲಿರುತ್ತವೆ. ಆ ವಿಸ್ತರಣೆಗಳಲ್ಲಿ ಸೊನ್ನೆ ಸಂಖ್ಯೆಯದು ಎಸ್‌ಎನ್‌ಐ. ತಾನು ಯಾವ ಹೆಸರಿನ ತಾಣವನ್ನು ಹುಡುಕಿ ಬಂದೆ ಎಂಬುದನ್ನು ಬ್ರೌಸರ್ ಅಲ್ಲಿ ಹೇಳುತ್ತದೆ. ಅಂದರೆ ಹೆಸರು ಮೊದಲ ಸಂದೇಶದಲ್ಲೇ ಬಂದಿರುತ್ತದೆ. ತೊಡಕು ಇರುವುದು ಅದನ್ನು ಓದುವ ಕ್ರಮದಲ್ಲಿ. ಬಹುಪಾಲು ಪ್ರಾಕ್ಸಿಗಳು ಆತುಕೊಂಡಿರುವ ಓಪನ್‌ಎಸ್‌ಎಸ್‌ಎಲ್ ಗ್ರಂಥಾಲಯ ಬಹುಕಾಲ ಮೊದಲು ಆವೃತ್ತಿಯನ್ನು ನಿರ್ಧರಿಸಿ, ಆಮೇಲೆ ಹೆಸರು ಯಾವುದೆಂದು ಪ್ರಾಕ್ಸಿಗೆ ತಿಳಿಸುತ್ತಿತ್ತು. ಅಷ್ಟರಲ್ಲಿ ಡೀಫಾಲ್ಟ್ ಬ್ಲಾಕಿನ ನಿಯಮವೇ ಜಾರಿಯಾಗಿರುತ್ತಿತ್ತು. ಯಾವುದು ಡೀಫಾಲ್ಟ್ ಎಂದು ಬರೆಯದಿದ್ದರೆ ಎಂಜಿನ್‌ಎಕ್ಸ್ ಆ ವಿಳಾಸದ ಮೊದಲ ಬ್ಲಾಕನ್ನೇ ಹಾಗೆ ಹಿಡಿಯುತ್ತದೆ. ಬ್ಲಾಕ್‌ಗಳ ಕ್ರಮಕ್ಕೆ ಬೆಲೆ ಬಂದದ್ದು ಹೀಗೆ.

ಎಸ್‌ಎನ್‌ಐ ಬರುವ ಮುನ್ನ ಈ ಪ್ರಶ್ನೆಯೇ ಇರಲಿಲ್ಲ. ಒಂದು ಸರ್ಟಿಫಿಕೇಟಿಗೆ ಒಂದು ಐಪಿ ವಿಳಾಸ. ಬಾಗಿಲೂ ಮನೆಯೂ ಒಂದೇ. 2003ರ ಜೂನ್‌ನ ಆರ್‌ಎಫ್‌ಸಿ 3546 ಎಸ್‌ಎನ್‌ಐಯನ್ನು ವಿವರಿಸಿತು. ಓಪನ್‌ಎಸ್‌ಎಸ್‌ಎಲ್‌ಗೆ ಅದು 2007ರಲ್ಲಿ ಬಂತು, ಅಪಾಚೆಗೆ 2009ರ 2.2.12 ಆವೃತ್ತಿಯಲ್ಲಿ. ಆದರೂ ಯಾರೂ ಧೈರ್ಯ ಮಾಡಲಿಲ್ಲ, ಏಕೆಂದರೆ ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದನ್ನು ಕಲಿಯಲೇ ಇಲ್ಲ. 2011ರ ಏಪ್ರಿಲ್‌ನಲ್ಲಿ ಏಷ್ಯಾ ಪೆಸಿಫಿಕ್‌ನ ವಿಳಾಸ ಹಂಚುವ ಸಂಸ್ಥೆ ಎಪಿನಿಕ್ ತನ್ನ ಕೊನೆಯ ಐಪಿವಿ4 ಕಟ್ಟಿಗೆ ಕೈಹಾಕಿತು, 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಬೆಂಬಲ ನಿಂತಿತು. ಅದೇ ಸೆಪ್ಟೆಂಬರ್‌ನಲ್ಲಿ ಕ್ಲೌಡ್‌ಫ್ಲೇರ್ ತನ್ನ ಉಚಿತ ಗ್ರಾಹಕರಿಗೆಲ್ಲ ಟಿಎಲ್‌ಎಸ್ ಕೊಟ್ಟಿತು, 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಾರ್ವಜನಿಕರಿಗೆ ತೆರೆದುಕೊಂಡಿತು. ಒಂದೇ ವಿಳಾಸದ ಹಿಂದೆ ನೂರಾರು ಹೆಸರು ಕೂರಿಸುವುದು ಅಲ್ಲಿಂದ ಮಾಮೂಲಾಯಿತು. ವಿಳಾಸದ ಬರ ನೀಗಿತು, ಮೇಲೆ ಹೇಳಿದ ಗೊಂದಲ ಗಂಟುಬಿತ್ತು.

ಆವೃತ್ತಿಯ ವಿಷಯಕ್ಕೆ ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಪರಿಹಾರ ಕಂಡರು. 2018ರಲ್ಲಿ ಬಂದ ಓಪನ್‌ಎಸ್‌ಎಸ್‌ಎಲ್ 1.1.1, ಆವೃತ್ತಿ ತೀರ್ಮಾನಿಸುವ ಮೊದಲೇ ಕ್ಲೈಂಟ್ ಹಲೋವನ್ನು ಇಣುಕಿ ನೋಡಲು ಪ್ರಾಕ್ಸಿಗೆ ಅವಕಾಶ ಕೊಟ್ಟಿತು. ಎಚ್‌ಎಪ್ರಾಕ್ಸಿ ಆ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡಿತು: ಅದರ ಸಿಆರ್‌ಟಿ-ಲಿಸ್ಟ್ ಕಡತದಲ್ಲಿ ಒಂದು ಸಾಲಿಗೆ ಒಂದು ಸರ್ಟಿಫಿಕೇಟು, ಪಕ್ಕದಲ್ಲೇ ಚೌಕ ಆವರಣದೊಳಗೆ ಆ ಸಾಲಿಗಷ್ಟೇ ಅನ್ವಯಿಸುವ ಕನಿಷ್ಠ ಆವೃತ್ತಿ, ಆಮೇಲೆ ಹೆಸರುಗಳು. ಓದಲು ಇಷ್ಟು ನೇರವಾದ ವ್ಯವಸ್ಥೆ ಬೇರೆಲ್ಲೂ ನನಗೆ ಕಂಡಿಲ್ಲ. ಅಪಾಚೆ 2.4.42ರಿಂದ ಪ್ರತಿ ವರ್ಚುವಲ್ ಹೋಸ್ಟ್‌ನ ಆವೃತ್ತಿ ನಿಯಮವನ್ನು ಗೌರವಿಸುತ್ತದೆ, ಆದರೆ ಓಪನ್‌ಎಸ್‌ಎಸ್‌ಎಲ್ 1.1.1 ಅಥವಾ ಮುಂದಿನದು ಜತೆಗಿರಬೇಕು, ಬಂದವರು ಎಸ್‌ಎನ್‌ಐ ಹೇಳಿರಬೇಕು. ಕ್ಯಾಡಿ, ಟ್ರೇಫಿಕ್‌ಗಳಿಗೆ ಈ ಕಷ್ಟ ಅಷ್ಟಾಗಿ ತಟ್ಟಲಿಲ್ಲ. ಅವು ಗೋ ಭಾಷೆಯ ಸ್ವಂತ ಟಿಎಲ್‌ಎಸ್ ಬಳಸುತ್ತವೆ, ಅಲ್ಲಿ ಹಲೋ ನೋಡಿ ಇಡೀ ಸಂರಚನೆಯನ್ನೇ ಬದಲಿಸಬಹುದು. ಎಲ್ಲರಿಗಿಂತ ಹೆಚ್ಚು ಕಡೆ ನಿಂತಿರುವ ಎಂಜಿನ್‌ಎಕ್ಸ್ ಮಾತ್ರ 2025ರ 1.29 ಸರಣಿಯವರೆಗೆ ಕಾಯಿಸಿತು. ಸರ್ವರ್ ಮಟ್ಟದಲ್ಲಿ ಬರೆದರೂ ಡೀಫಾಲ್ಟ್ ಸರ್ವರ್‌ನ ಮೌಲ್ಯ ಬಳಕೆಯಾಗಬಹುದು ಎಂಬ ಒಂದು ಸಾಲಿನ ಎಚ್ಚರಿಕೆ ಅದರ ಕೈಪಿಡಿಯಲ್ಲಿ ಇತ್ತು. ಓದಿದವರು ಎಷ್ಟು ಮಂದಿಯೋ. ಇಂದಿಗೂ ಸ್ಥಿರ ವಿತರಣೆಗಳಲ್ಲಿ ಓಡುತ್ತಿರುವುದು ಹೆಚ್ಚಾಗಿ ಅದಕ್ಕೂ ಹಿಂದಿನ ಆವೃತ್ತಿಗಳೇ.

ಹಾಗೆ ನೋಡಿದರೆ ಟಿಎಲ್‌ಎಸ್ 1.0 ಮತ್ತು 1.1ನ್ನು 2021ರ ಮಾರ್ಚ್‌ನಲ್ಲೇ ಆರ್‌ಎಫ್‌ಸಿ 8996 ಅಧಿಕೃತವಾಗಿ ಕೈಬಿಟ್ಟಿದೆ. ಕಾರ್ಡ್ ಪಾವತಿಯ ಪಿಸಿಐ ನಿಯಮಾವಳಿ 2018ರ ಜೂನ್ 30ನ್ನೇ ಗಡುವಾಗಿಟ್ಟಿತ್ತು. ಓಪನ್‌ಎಸ್‌ಎಸ್‌ಎಲ್ 3ರಲ್ಲಿ 1.0 ಬೇಕೆಂದರೆ ಆವೃತ್ತಿಯ ಹೆಸರು ಬರೆದರೆ ಸಾಲದು, ಸೆಕ್ಯುರಿಟಿ ಲೆವೆಲನ್ನೂ ಸೊನ್ನೆಗೆ ಇಳಿಸಬೇಕು. ಹಳೆಯ ಯಂತ್ರಕ್ಕಾಗಿ ಇಷ್ಟೆಲ್ಲ ಇಳಿಯುವುದಾದರೆ, ಅದನ್ನು ಹೊಸ ತಾಣದ ಬಾಗಿಲಿನಲ್ಲೇ ಮಾಡಬೇಡಿ ಎಂಬುದು ನನ್ನ ನಿಲುವು.

ಆವೃತ್ತಿಗಿಂತ ಗಂಭೀರವಾದದ್ದು ಸೆಷನ್ ಟಿಕೆಟ್ಟಿನ ಕಥೆ. ಒಮ್ಮೆ ಪೂರ್ತಿ ಹ್ಯಾಂಡ್‌ಶೇಕ್ ಮುಗಿದ ಮೇಲೆ ಸರ್ವರ್ ಬಂದವರ ಕೈಗೆ ಗೂಢಲಿಪಿಯ ಚೀಟಿಯೊಂದನ್ನು ಕೊಡುತ್ತದೆ. ಮುಂದಿನ ಸಲ ಅದನ್ನು ತೋರಿಸಿದರೆ ಉದ್ದದ ವಿಚಾರಣೆ ಇಲ್ಲ. ಕ್ಲೈಂಟ್ ಸರ್ಟಿಫಿಕೇಟನ್ನು ಮತ್ತೆ ಕೇಳುವುದೂ ಇಲ್ಲ. ಒಂದು ಡೊಮೇನಿನಲ್ಲಿ ಪಡೆದ ಚೀಟಿಯನ್ನು ಅದೇ ವಿಳಾಸದ ಇನ್ನೊಂದು ಡೊಮೇನಿನಲ್ಲಿ ತೋರಿಸಿದರೆ? ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿದ್ದ ಆಂತ್ವಾನ್ ದೆಲಿನ್ಯಾ-ಲವೋ ಮತ್ತು ಕಾರ್ತಿಕೇಯನ್ ಭಾರ್ಗವನ್ ಸುಮಾರು 2014ರ ಹೊತ್ತಿಗೆ ಕೈಗೆತ್ತಿಕೊಂಡದ್ದು ಇಂಥ ಅದಲುಬದಲುಗಳನ್ನೇ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಎಂಜಿನ್‌ಎಕ್ಸ್ ಒಂದು ತೇಪೆ ಹಾಕಿತು: ಹಂಚಿಕೊಂಡ ಸೆಷನ್ ಸಂಗ್ರಹವೋ ಒಂದೇ ಟಿಕೆಟ್ ಕೀಲಿಯೋ ಇದ್ದರೆ ಸಂಬಂಧವಿಲ್ಲದ ಬ್ಲಾಕಿನಲ್ಲಿ ಸೆಷನ್ ನಡೆಯುತ್ತಿತ್ತು. ಹತ್ತು ವರ್ಷ ಕಳೆದು 2025ರ ಫೆಬ್ರುವರಿಯಲ್ಲಿ, ಟಿಎಲ್‌ಎಸ್ 1.3ರ ವೇಷದಲ್ಲಿ ಅದೇ ದೋಷ ಮರಳಿತು. ಒಂದೇ ವಿಳಾಸ, ಒಂದೇ ಪೋರ್ಟ್ ಹಂಚಿಕೊಂಡ ಬ್ಲಾಕ್‌ಗಳಲ್ಲಿ ಸೆಷನ್ ಮರುಬಳಕೆಯಿಂದ ಕ್ಲೈಂಟ್ ಸರ್ಟಿಫಿಕೇಟಿನ ತಪಾಸಣೆಯನ್ನು ತಪ್ಪಿಸಿಕೊಳ್ಳಬಹುದಾಗಿತ್ತು, 1.26.3 ಮತ್ತು 1.27.4ರಲ್ಲಿ ಸರಿಪಡಿಸಿದರು. ಅದೇ ಜುಲೈನಲ್ಲಿ ಅಪಾಚೆ 2.4.64 ಕೂಡ ತನ್ನಲ್ಲಿದ್ದ ಇದರ ಜೋಡಿಯನ್ನು ಮುಚ್ಚಿತು. ಬೇರೆ ಬೇರೆ ಕೈಗಳು ಬರೆದ ಎರಡು ಸಾಫ್ಟ್‌ವೇರ್‌ಗಳು ಒಂದೇ ವರ್ಷ ಒಂದೇ ಕಡೆ ಎಡವಿದರೆ, ಎಡವಟ್ಟು ಬರೆದವರ ಕೈಯಲ್ಲಿಲ್ಲ, ವಿನ್ಯಾಸದಲ್ಲಿದೆ ಎನ್ನಬೇಕಾಗುತ್ತದೆ.

ಎಚ್‌ಟಿಟಿಪಿ/2 ಇದಕ್ಕೆ ಇನ್ನೊಂದು ಸುತ್ತು ಸೇರಿಸಿತು. ಎರಡು ಹೆಸರುಗಳು ಒಂದೇ ವಿಳಾಸದಲ್ಲಿದ್ದು, ಒಂದೇ ಸರ್ಟಿಫಿಕೇಟ್ ಎರಡಕ್ಕೂ ಹೊಂದುವುದಾದರೆ, ಬ್ರೌಸರ್ ಮೊದಲನೆಯದಕ್ಕೆ ತೆರೆದ ಸಂಪರ್ಕದಲ್ಲೇ ಎರಡನೆಯದಕ್ಕೂ ಕೋರಿಕೆ ಕಳಿಸಬಹುದು. ಹೊಸ ಹ್ಯಾಂಡ್‌ಶೇಕ್ ಇಲ್ಲ ಎಂದಮೇಲೆ ಎರಡನೇ ಡೊಮೇನಿಗಾಗಿ ಬರೆದಿಟ್ಟ ಟಿಎಲ್‌ಎಸ್ ನಿಯಮಗಳನ್ನು ಕೇಳುವವರೂ ಇಲ್ಲ. ಇದಕ್ಕೆಂದೇ 2015ರ ನಿರ್ದಿಷ್ಟತೆಯಲ್ಲಿ 421 ಎಂಬ ಉತ್ತರ ಸಂಖ್ಯೆ ಸೇರಿತು: ‘ತಪ್ಪು ಕಡೆ ಬಂದಿರಿ, ಬೇರೆ ಸಂಪರ್ಕ ತೆರೆದು ಬನ್ನಿ.’ ಸರ್ವರ್ ಹಾಗೆ ಹೇಳಿದರೆ ಸರಿ. ಹೇಳದಿದ್ದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ. ಕುಬರ್‌ನೆಟಿಸ್ ಲೋಕದಲ್ಲಿ ಇದರ ಅರಿವು ವಿನ್ಯಾಸಕ್ಕೇ ಇಳಿದಿದೆ. ಹಳೆಯ ಇಂಗ್ರೆಸ್ ನಿರ್ದಿಷ್ಟತೆ ಹೆಸರಿಗೊಂದು ಸರ್ಟಿಫಿಕೇಟ್ ಇಡಲು ಜಾಗ ಕೊಟ್ಟಿತೇ ಹೊರತು ಹೆಸರಿಗೊಂದು ಆವೃತ್ತಿಗೆ ಕೊಡಲಿಲ್ಲ. ಅದರ ಉತ್ತರಾಧಿಕಾರಿ ಗೇಟ್‌ವೇ ಎಪಿಐ, ಕ್ಲೈಂಟ್ ಸರ್ಟಿಫಿಕೇಟಿನ ತಪಾಸಣೆಯನ್ನು ಹೆಸರಿನ ಮಟ್ಟದಲ್ಲಿಡುವ ಯೋಜನೆಯನ್ನು ಸಂಪರ್ಕ ಮರುಬಳಕೆಯ ಕಾರಣಕ್ಕೇ ಬಿಟ್ಟು, ಪೋರ್ಟಿನ ಮಟ್ಟಕ್ಕೆ ತಂದಿತು. ಈ ಪ್ರಶ್ನೆಯ ಬಗ್ಗೆ ಇತ್ತೀಚೆಗೆ ಆದ ಅತ್ಯಂತ ಪ್ರಾಮಾಣಿಕ ತೀರ್ಮಾನ ಇದು ಎಂದು ನನಗನಿಸುತ್ತದೆ.

ಹಾಗಾದರೆ ಹೆಸರಿನ ಮಟ್ಟದಲ್ಲಿ ನಿಶ್ಚಿಂತೆಯಿಂದ ಇಡಬಹುದಾದದ್ದು ಏನು? ಸರ್ಟಿಫಿಕೇಟ್, ಖಂಡಿತ. ಎಸ್‌ಎನ್‌ಐ ಹುಟ್ಟಿದ್ದೇ ಅದಕ್ಕಾಗಿ. ಚರ್ಚೆ ಇರುವುದು ಬೇರೆ ಬೇರೆಯೋ ಒಂದೇ ವೈಲ್ಡ್‌ಕಾರ್ಡೋ ಎಂಬುದರಲ್ಲಿ. ವೈಲ್ಡ್‌ಕಾರ್ಡ್ ಒಂದು ಮಟ್ಟದ ಉಪಡೊಮೇನ್‌ಗಳನ್ನೆಲ್ಲ ಆವರಿಸುತ್ತದೆ, ಹೊಸ ಹೆಸರು ಬಂದಾಗಲೆಲ್ಲ ಓಡಾಡಬೇಕಿಲ್ಲ. ಇನ್ನೊಂದು ಅನುಕೂಲವೂ ಇದೆ: ಬ್ರೌಸರ್‌ಗಳು ನಂಬುವ ಸರ್ಟಿಫಿಕೇಟುಗಳೆಲ್ಲ ಇಂದು ಸಾರ್ವಜನಿಕ ದಾಖಲೆಯಲ್ಲಿ ನಮೂದಾಗುವುದರಿಂದ, ‘ಪೇರೋಲ್’, ‘ಟೆಸ್ಟ್’ ಎಂದೆಲ್ಲ ಇಟ್ಟ ಒಳಹೆಸರುಗಳು ಹೊರಬೀಳದಂತೆ ಅದು ಮರೆಮಾಡುತ್ತದೆ. ಆದರೆ ಮೇಲೆ ಹೇಳಿದ ಸಂಪರ್ಕ ಮರುಬಳಕೆಗೆ ದಾರಿ ಮಾಡಿಕೊಡುವುದೂ ಅದೇ. 2021ರಲ್ಲಿ ಅಲ್ಪಾಕಾ ಎಂಬ ದಾಳಿ ಬೆಳಕಿಗೆ ಬಂದ ಮೇಲೆ ಅಮೆರಿಕದ ಎನ್‌ಎಸ್‌ಎ ಕೂಡ ವೈಲ್ಡ್‌ಕಾರ್ಡ್ ಹರವನ್ನು ಕಿರಿದಾಗಿಸಿ ಎಂದು ಎಚ್ಚರಿಸಿತು. ಭದ್ರತೆಯ ನಿಯಮ ಬೇರೆಯಾಗಿರಬೇಕಾದ ಡೊಮೇನಿಗೆ ಸರ್ಟಿಫಿಕೇಟೂ ಬೇರೆಯಾಗಿರಲಿ. ಉಳಿದದ್ದಕ್ಕೆ ವೈಲ್ಡ್‌ಕಾರ್ಡ್ ಸಾಕು.

ಕೈಯಿಂದ ಸರ್ಟಿಫಿಕೇಟ್ ಹಾಕುವ ಕಾಲವಂತೂ ಮುಗಿಯಿತು. 2020ರಿಂದ 398 ದಿನವಿದ್ದ ಗರಿಷ್ಠ ಆಯುಸ್ಸನ್ನು ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಹಂತಹಂತವಾಗಿ ಕಡಿತಗೊಳಿಸಿತು: 2026ರ ಮಾರ್ಚ್ 15ರಿಂದ 200 ದಿನ, ಮರುವರ್ಷ 100, 2029ರಿಂದ 47. ಐವತ್ತು ಡೊಮೇನ್ ಇರುವ ಪ್ರಾಕ್ಸಿಯಲ್ಲಿ ಸರಾಸರಿ ದಿನಕ್ಕೊಂದು ನವೀಕರಣ ಎಂದಾಯಿತು. ಕ್ಯಾಡಿ ಇದನ್ನು ತಾನೇ ನೋಡಿಕೊಳ್ಳುತ್ತದೆ, ಬೇಕಿದ್ದರೆ ಮೊದಲ ಭೇಟಿಯ ಹೊತ್ತಿಗೇ ಸರ್ಟಿಫಿಕೇಟ್ ತರಿಸುತ್ತದೆ. ಆ ಸೌಲಭ್ಯಕ್ಕೆ ‘ಆಸ್ಕ್’ ಎಂಬ ಕಾವಲು ಇಡದಿದ್ದರೆ, ಯಾರೋ ತಮ್ಮ ಸಾವಿರ ಹೆಸರುಗಳನ್ನು ನಿಮ್ಮ ವಿಳಾಸಕ್ಕೆ ತಿರುಗಿಸಿ ಪ್ರಾಕ್ಸಿಗೆ ಬಿಡುವಿಲ್ಲದ ಕೆಲಸ ಹಚ್ಚಬಹುದು.

ಕನ್ನಡ ಲಿಪಿಯ ಡೊಮೇನ್ ಹೆಸರುಗಳನ್ನು, ಅಂದರೆ .ಭಾರತ ಎಂದು ಕೊನೆಗೊಳ್ಳುವಂಥವನ್ನು, ನಡೆಸುವವರು ಇಲ್ಲಿ ಒಂದು ಮಾತು ನೆನಪಿಡಬೇಕು. ಎಸ್‌ಎನ್‌ಐಯಲ್ಲಿ ಕನ್ನಡ ಅಕ್ಷರ ಹೋಗುವುದಿಲ್ಲ. ‘ಎಕ್ಸ್‌ಎನ್’ ಎಂದು ಶುರುವಾಗುವ ರೋಮನ್ ಅಕ್ಷರಗಳ ಪ್ಯೂನಿಕೋಡ್ ರೂಪವೇ ಹೋಗುತ್ತದೆ. ಪ್ರಾಕ್ಸಿಯ ಕಡತದಲ್ಲಿ ಕನ್ನಡದಲ್ಲೇ ಹೆಸರು ಬರೆದರೆ ಕಣ್ಣಿಗೆ ಚೆಂದ, ಎಂಜಿನ್‌ಎಕ್ಸ್‌ಗೆ ಮಾತ್ರ ಅದು ಯಾರ ಜತೆಗೂ ಹೊಂದದ ಹೆಸರು. ಕೋರಿಕೆ ಡೀಫಾಲ್ಟ್ ಬ್ಲಾಕಿಗೆ ಬಿದ್ದು, ಬೇರೆಯವರ ಸರ್ಟಿಫಿಕೇಟ್ ಎದುರಾಗಿ ಬ್ರೌಸರ್ ಕೆಂಪು ಪುಟ ತೋರಿಸುತ್ತದೆ.

ಡೀಫಾಲ್ಟ್ ಬ್ಲಾಕಿಗೂ ಒಂದು ಮಾತು ಸಲ್ಲಬೇಕು. ಬರಿಯ ಐಪಿ ವಿಳಾಸ ಹಿಡಿದು ಬಂದವರಿಗೆ ಮೊದಲ ಡೊಮೇನಿನ ಸರ್ಟಿಫಿಕೇಟನ್ನು ಕೊಡುವುದೆಂದರೆ, ಒಳಗೆ ಯಾರಿದ್ದಾರೆಂದು ಜಗತ್ತಿಗೆ ಸಾರಿದಂತೆ. ಎಂಜಿನ್‌ಎಕ್ಸ್ 1.19.4ರಿಂದ ಹ್ಯಾಂಡ್‌ಶೇಕನ್ನೇ ನಿರಾಕರಿಸುವ ನಿರ್ದೇಶನವಿದೆ, ಎಚ್‌ಎಪ್ರಾಕ್ಸಿಯಲ್ಲಿ ‘ಸ್ಟ್ರಿಕ್ಟ್-ಎಸ್‌ಎನ್‌ಐ’. ಎರಡೂ ಒಂದೊಂದು ಸಾಲಿನ ಕೆಲಸ. ಟಿಎಲ್‌ಎಸ್ ಇಲ್ಲದೆ ತಾಣ ತೆರೆಯಬೇಡ ಎಂದು ಬ್ರೌಸರ್‌ಗೆ ಹೇಳುವ ಎಚ್‌ಎಸ್‌ಟಿಎಸ್ ಹೆಡರ್‌ನ ವಿಷಯದಲ್ಲಿ ಸೋರಿಕೆ ಉಲ್ಟಾ ದಿಕ್ಕಿನದು: ಮೂಲ ಡೊಮೇನಿನಲ್ಲಿ ಉಪಡೊಮೇನ್‌ಗಳೂ ಸೇರಿ ಎಂದು ಬರೆದುಬಿಟ್ಟರೆ, ಟಿಎಲ್‌ಎಸ್ ಕಾಣದ ಒಳತಾಣಗಳೂ ನೋಡುಗರ ಬ್ರೌಸರ್‌ನಲ್ಲಿ ಬಂದ್.

ಇಷ್ಟು ಹೊತ್ತು ಹೇಳಿದ್ದು ಬೀದಿಬದಿಯ ಕಥೆ. ಪ್ರಾಕ್ಸಿಯಿಂದ ಹಿಂದಿನ ಸರ್ವರಿಗೆ ಹೋಗುವ ಹಾದಿಯನ್ನು ಬಹಳ ಮಂದಿ ನೋಡುವುದೇ ಇಲ್ಲ. ಎಂಜಿನ್‌ಎಕ್ಸ್ ಹಿಂದಿನ ಸರ್ವರ್‌ನ ಸರ್ಟಿಫಿಕೇಟನ್ನು ಹೇಳದ ಹೊರತು ಪರಿಶೀಲಿಸುವುದಿಲ್ಲ, ಹೇಳದ ಹೊರತು ಎಸ್‌ಎನ್‌ಐ ಕಳಿಸುವುದೂ ಇಲ್ಲ. ಎಚ್‌ಎಪ್ರಾಕ್ಸಿ ಇದಕ್ಕೆ ವಿರುದ್ಧ: ಹಿಂದಿನ ಸರ್ವರನ್ನು ಯಾವ ಆಧಾರದಲ್ಲಿ ನಂಬಬೇಕೆಂದು ಹೇಳದಿದ್ದರೆ ಶುರುವಾಗಲು ಒಪ್ಪುವುದಿಲ್ಲ. ಈ ಹಠ ನನಗೆ ಇಷ್ಟ. 2025ರ ಜುಲೈನಲ್ಲಿ ಅಪಾಚೆ 2.4.64 ಹೆಸರಿನ ತಪಾಸಣೆಯನ್ನು ಬಿಗಿಗೊಳಿಸಿದಾಗ, ಮುಂದೆ ಎಂಜಿನ್‌ಎಕ್ಸ್, ಹಿಂದೆ ಅಪಾಚೆ ಇಟ್ಟುಕೊಂಡ ಹೋಸ್ಟಿಂಗ್ ಸರ್ವರ್‌ಗಳಲ್ಲಿ ತಾಣಗಳು ರಾತ್ರೋರಾತ್ರಿ 421 ತೋರಿಸತೊಡಗಿದವು. ಸಂಪರ್ಕದಲ್ಲಿ ಹೆಸರಿಲ್ಲ, ಕೋರಿಕೆಯಲ್ಲಿ ಹೆಸರಿದೆ. ಅಪಾಚೆ ಇನ್ನು ಮುಂದೆ ಅದನ್ನು ಒಪ್ಪುವುದಿಲ್ಲ. ಪರಿಹಾರ ಎರಡು ಸಾಲು: ಹಿಂದಿನ ಸಂಪರ್ಕಕ್ಕೆ ಎಸ್‌ಎನ್‌ಐ ಆನ್ ಮಾಡುವುದು, ಅದರಲ್ಲಿ ಬಂದ ಕೋರಿಕೆಯ ಹೆಸರನ್ನೇ ತುಂಬುವುದು. ವರ್ಷಗಟ್ಟಲೆ ಯಾರೂ ಬರೆಯದಿದ್ದ ಎರಡು ಸಾಲು.

ಹೊರಹೋಗುವ ದಿಕ್ಕಿನ ಪ್ರಾಕ್ಸಿಗಳಲ್ಲೂ ಡೊಮೇನ್‌ವಾರು ನಿಯಮವಿದೆ. ಸ್ಕ್ವಿಡ್ 3.5ರಿಂದ ಕಚೇರಿಯ ಪ್ರಾಕ್ಸಿ ಮೊದಲು ಎಸ್‌ಎನ್‌ಐ ಇಣುಕಿ ನೋಡಿ, ಬ್ಯಾಂಕು, ಆಸ್ಪತ್ರೆಗಳ ಹೆಸರಾದರೆ ಬಿಚ್ಚದೆ ಬಿಟ್ಟು, ಉಳಿದವನ್ನು ಬಿಚ್ಚಿ ನೋಡಬಹುದು. ಇದೇ ಇಣುಕು ನೋಟ ತಡೆಗೋಡೆಯೂ ಆಗುತ್ತದೆ. ಜಿಯೋ ಜಾಲದಲ್ಲಿ ಎಸ್‌ಎನ್‌ಐ ನೋಡಿ ತಾಣಗಳನ್ನು ತಡೆಯಲಾಗುತ್ತಿದೆ ಎಂದು 2019ರಲ್ಲಿ ತೋರಿಸಿಕೊಟ್ಟದ್ದು ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿಯವರು. ಹೆಸರು ಬಹಿರಂಗವಾಗಿ ಹೋಗುವುದರಿಂದಲೇ ಇದೆಲ್ಲ ಸಾಧ್ಯ. ಅದನ್ನೂ ಗೂಢಲಿಪಿಯಲ್ಲಿಡುವ ಇಸಿಎಚ್ 2023ರಿಂದ ಬ್ರೌಸರ್‌ಗಳಿಗೆ ಬಂದಿದೆ. ಅದು ಹಬ್ಬಿದರೆ ಹೆಸರು ನೋಡಿ ದಾರಿ ತೋರಿಸುವ ಪ್ರಾಕ್ಸಿಗಳು ಕೀಲಿಯನ್ನೂ ಇಟ್ಟುಕೊಳ್ಳಬೇಕಾಗುತ್ತದೆ.

ವಿಳಾಸ ಒಂದೇ ಇದ್ದು, ನಿಯಮಗಳು ನಿಜಕ್ಕೂ ಬೇರೆ ಬೇರೆ ಬೇಕಾದವರಿಗೆ ನಾನು ಸೂಚಿಸುವುದು ಎರಡು ಹಂತದ ವ್ಯವಸ್ಥೆ. ಮುಂದೆ ಎಂಜಿನ್‌ಎಕ್ಸ್‌ನ ಸ್ಟ್ರೀಮ್ ಭಾಗ ಅಥವಾ ಟಿಸಿಪಿ ಮೋಡಿನ ಎಚ್‌ಎಪ್ರಾಕ್ಸಿ. ಅದು ಏನನ್ನೂ ಬಿಚ್ಚದೆ, ಹಲೋದಲ್ಲಿನ ಹೆಸರು ಓದಿ ಸಂಪರ್ಕವನ್ನು ಹಾಗೆಯೇ ಒಳಗಿನ ಪೋರ್ಟಿಗೆ ದಾಟಿಸುತ್ತದೆ. ಒಳಗೆ ಕಟ್ಟುನಿಟ್ಟಿನ ಡೊಮೇನಿಗೆ ಒಂದು ಪೋರ್ಟ್, ಹಳೆಯ ಯಂತ್ರಗಳಿಗೆ ಇನ್ನೊಂದು, ಕ್ಲೈಂಟ್ ಸರ್ಟಿಫಿಕೇಟ್ ಕೇಳುವುದಕ್ಕೆ ಮತ್ತೊಂದು. ಪ್ರತಿ ಪೋರ್ಟಿನಲ್ಲೂ ಅಲ್ಲಿರುವ ಬ್ಲಾಕೇ ಡೀಫಾಲ್ಟ್, ಆದ್ದರಿಂದ ಡೀಫಾಲ್ಟ್‌ನ ತಂಟೆಯೇ ಇಲ್ಲ. ಟಿಕೆಟ್ ಕೀಲಿ ಬೇರೆ, ಸರ್ಟಿಫಿಕೇಟ್ ಬೇರೆ. ಬಂದವರ ನಿಜವಾದ ಐಪಿ ಕಳೆದುಹೋಗದಂತೆ ಪ್ರಾಕ್ಸಿ ಪ್ರೋಟೊಕಾಲ್ ಹಾಕಿಕೊಳ್ಳಬೇಕು. ಮುಂಭಾಗದ ಹಂತವಾಗಿ ಸ್ವಂತ ಸ್ಕ್ರಿಪ್ಟ್ ಬರೆಯುವ ಉತ್ಸಾಹ ಮಾತ್ರ ಬೇಡ: 2024ರಲ್ಲಿ ಕ್ರೋಮ್ ಕ್ವಾಂಟಮ್ ದಾಳಿಗೂ ಜಗ್ಗದ ಕೀಲಿ ವಿನಿಮಯವನ್ನು ರೂಢಿಗೆ ತಂದಾಗ, ಸಾವಿರ ಬೈಟಿಗೂ ಮೀರಿದ ಕೀಲಿಯಿಂದ ಹಲೋ ಹಿಗ್ಗಿ ಎರಡು ಪ್ಯಾಕೆಟ್ಟಿಗೆ ಹರಡಿತು. ಮೊದಲ ಪ್ಯಾಕೆಟ್ಟಿನಲ್ಲೇ ಹೆಸರು ಸಿಗುತ್ತದೆಂದು ನಂಬಿದ್ದ ಪೆಟ್ಟಿಗೆಗಳು ಸಂಪರ್ಕವನ್ನೇ ಕಡಿದವು.

ಕಟ್ಟಿದ ಮೇಲೆ ಕಡತವನ್ನಲ್ಲ, ಹೊರಗಿನಿಂದ ಬಾಗಿಲನ್ನು ಪರೀಕ್ಷಿಸಬೇಕು. ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್ ಸಾಕು. ಸರಿಯಾದ ಹೆಸರಿನಿಂದ ಒಮ್ಮೆ, ಇಲ್ಲದ ಹೆಸರಿನಿಂದ ಒಮ್ಮೆ, ಹೆಸರೇ ಹೇಳದೆ ಒಮ್ಮೆ. ಪ್ರತಿ ಸಲವೂ ಆವೃತ್ತಿಯನ್ನು 1.0ಕ್ಕೆ ಕಟ್ಟಿಹಾಕಿಯೂ ನೋಡಿ. ಆಮೇಲೆ ಹೆಚ್ಚಿನವರು ಮಾಡದ ಪರೀಕ್ಷೆ: ಒಂದು ಡೊಮೇನಿಗೆ ಹೋಗಿ ಸೆಷನ್ನನ್ನು ಕಡತಕ್ಕೆ ಉಳಿಸಿ, ಅದನ್ನೇ ಕೊಟ್ಟು ಇನ್ನೊಂದು ಡೊಮೇನಿನ ಹೆಸರಿನಲ್ಲಿ ಹೋಗುವುದು. ಉತ್ತರದಲ್ಲಿ ‘ನ್ಯೂ’ ಎಂದು ಬಂದರೆ ಮುಂದಿನ ಡೊಮೇನ್ ಜೋಡಿಗೆ ಹೋಗಬಹುದು. ‘ರೀಯೂಸ್ಡ್’ ಎಂದು ಬಂದರೆ ಆ ಎರಡರ ಟಿಕೆಟ್ ಕೀಲಿ ಮತ್ತು ಸೆಷನ್ ಸಂಗ್ರಹವನ್ನು ಬೇರ್ಪಡಿಸಿ, ಅಥವಾ ಟಿಕೆಟ್ಟನ್ನೇ ನಿಲ್ಲಿಸಿ, ಇನ್ನೊಮ್ಮೆ ನೋಡಬೇಕು.